ಅಪಾಯದ ಅಂಕ ಕಡಿಮೆ ಇರುವವರೇ ಹೆಚ್ಚು ಸಾಯುತ್ತಿದ್ದಾರೆ: ಹೃದ್ರೋಗ ಅಧ್ಯಯನಗಳ ಈ ಲೆಕ್ಕ ಯಾರಾದರೂ ಬಿಡಿಸಿ ಹೇಳುತ್ತೀರಾ?

ತಿಳಿಗೊಳ

ಪ್ಯೂರ್ ಎಂಬ ದೊಡ್ಡ ಅಧ್ಯಯನದ 2014ರ ವರದಿ ಓದುತ್ತಿದ್ದೆ. 17 ದೇಶ, ಹಳ್ಳಿ-ಪಟ್ಟಣ ಸೇರಿ 628 ಸಮುದಾಯ, 1,56,424 ಜನ. ಸರಾಸರಿ 4.1 ವರ್ಷ ಇವರನ್ನು ಬಿಡದೆ ಹಿಂಬಾಲಿಸಿದ್ದಾರೆ. ಧೂಮಪಾನ, ಬಿಪಿ, ಶುಗರ್ ಕಾಯಿಲೆ ಇದೆಯೇ ಇಲ್ಲವೇ, ಸೊಂಟದ ಅಳತೆ, ಮನಸ್ಸಿನ ಒತ್ತಡ ಎಲ್ಲ ಸೇರಿಸಿ ಪ್ರತಿಯೊಬ್ಬರಿಗೂ ಅಪಾಯದ ಅಂಕ ಹಾಕಿದರೆ, ಅತಿ ಹೆಚ್ಚು ಅಂಕ ಬಂದದ್ದು ಶ್ರೀಮಂತ ದೇಶಗಳವರಿಗೆ. ಅತಿ ಕಡಿಮೆ ಬಂದದ್ದು ಬಡ ದೇಶಗಳವರಿಗೆ.

ಹಾಗಾದರೆ ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯ, ಹೃದ್ರೋಗದ ಸಾವು ಇವೂ ಅದೇ ಸಾಲಿನಲ್ಲಿ ಬರಬೇಕಲ್ಲ? ಪೂರ್ತಿ ತಲೆಕೆಳಗು! ವರ್ಷಕ್ಕೆ ಸಾವಿರ ಜನರಲ್ಲಿ ಶ್ರೀಮಂತ ದೇಶಗಳಲ್ಲಿ 3.99, ಮಧ್ಯಮ ಆದಾಯದ ಕಡೆ 5.38, ಬಡ ದೇಶಗಳಲ್ಲಿ 6.43. ಇದು ಹೇಗೆ ಸಾಧ್ಯ? ಅಪಾಯದ ಅಂಕವೇ ಸುಳ್ಳೋ, ಅಥವಾ ನಾನು ಓದುವುದರಲ್ಲೇ ಏನಾದರೂ ತಪ್ಪಿದೆಯೋ?

ನಿವೃತ್ತ ಮೇಷ್ಟ್ರು

ಸುಲಭದ ಪ್ರಶ್ನೆಪತ್ರಿಕೆ ಸಿಕ್ಕ ಶಾಲೆಯಲ್ಲೇ ಹೆಚ್ಚು ಹುಡುಗರು ಫೇಲಾದ ಹಾಗಾಯಿತು. ನಾನಾಗಿದ್ದರೆ ಮೊದಲು ಆ ಶಾಲೆಯಲ್ಲಿ ಮೇಷ್ಟ್ರು ಇದ್ದಾರಾ ಅಂತ ವಿಚಾರಿಸುತ್ತಿದ್ದೆ. ತಿಳಿದವರು ಹೇಳಲಿ, ಕೂತು ಓದುತ್ತೇನೆ.

ಅಂಕಿಸಂಕಿ

ಓದುವುದರಲ್ಲಿ ತಪ್ಪಿಲ್ಲ. ಅದೇ ವರದಿಯ ಇನ್ನೊಂದು ಸಾಲು ನೋಡಿ. ಹೃದಯಾಘಾತವೋ ಪಾರ್ಶ್ವವಾಯುವೋ ಆದವರಲ್ಲಿ ಸತ್ತವರ ಪಾಲು ಶ್ರೀಮಂತ ದೇಶಗಳಲ್ಲಿ ಶೇ. 6.5, ಮಧ್ಯಮ ದೇಶಗಳಲ್ಲಿ 15.9, ಬಡ ದೇಶಗಳಲ್ಲಿ 17.3. ಸಂಶೋಧನೆಯಲ್ಲಿ ಇದನ್ನು ಪ್ರಕರಣ ಮರಣ ಪ್ರಮಾಣ ಅನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ವರದಿಯ ಜೀವಾಳ ಈ ಸಾಲು.

ಅಪಾಯದ ಅಂಕ ಹೇಳುವುದು ಕಾಯಿಲೆ ಬರುವ ಸಂಭವದ ಬಗ್ಗೆ. ಕಾಯಿಲೆ ಬರುತ್ತಾ ಇರುವಾಗ ಬಿಪಿಗೆ ಮಾತ್ರೆ ಸಿಕ್ಕಿತೇ, ಬಂದ ಮೇಲೆ ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದರು, ಮುಚ್ಚಿದ ರಕ್ತನಾಳ ತೆರೆದರೇ, ಆಮೇಲಿನ ಹತ್ತು ವರ್ಷ ಮಾತ್ರೆ ತಪ್ಪಲಿಲ್ಲವೇ, ಇದೊಂದೂ ಆ ಅಂಕದಲ್ಲಿ ಇಲ್ಲ. ಹಳ್ಳಿ-ಪಟ್ಟಣಗಳನ್ನು ಹೋಲಿಸಿದರೂ ಇದೇ ಚಿತ್ರ ಮರುಕಳಿಸುತ್ತದೆ. ಪಟ್ಟಣದವರಿಗೆ ಅಪಾಯಾಂಶ ಹೆಚ್ಚು, ಆದರೆ ಘಟನೆಗಳು ಸಾವಿರಕ್ಕೆ 4.83. ಹಳ್ಳಿಯವರಿಗೆ ಅಪಾಯಾಂಶ ಕಡಿಮೆ, ಘಟನೆ 6.25.

ಮೇಷ್ಟ್ರೇ, ನೀವು ಕೇಳಿದ್ದೇ ಸರಿಯಾದ ಪ್ರಶ್ನೆ.

ಪಿಜಿ ಹುಡುಗಿ

ಅಂಕಿಸಂಕಿ ಸರ್ ಹೇಳಿದ್ದಕ್ಕೆ ಇದೇ ಪ್ಯೂರ್ ತಂಡದ 2011ರ ವರದಿ ಸೇರಿಸಬೇಕು. ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿ ಬದುಕಿರುವವರನ್ನು ಮಾತ್ರ ತೆಗೆದುಕೊಂಡು, ನೀವು ಏನೇನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಕೇಳಿದ್ದಾರೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ನುಂಗುತ್ತಿದ್ದವರು ಶ್ರೀಮಂತ ದೇಶಗಳಲ್ಲಿ ಶೇ. 66.5. ಬಡ ದೇಶಗಳಲ್ಲಿ ಶೇ. 3.3. ಆಸ್ಪಿರಿನ್ ಥರದ ಮಾತ್ರೆಗಳು ಶ್ರೀಮಂತರ ಕಡೆ ಶೇ. 62, ಬಡವರ ಕಡೆ 8.8. ಬಡ ದೇಶಗಳಲ್ಲಿ ಐವರಲ್ಲಿ ನಾಲ್ವರು ಒಂದೇ ಒಂದು ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಇವು ಯಾವುವೂ ಹೊಸ ಔಷಧಿಗಳಲ್ಲ, ಪೇಟೆಂಟ್ ಮುಗಿದು ಕಾಲವಾದವು. ನಮ್ಮ ಜರ್ನಲ್ ಕ್ಲಬ್‌ನಲ್ಲಿ ವಾರವಾರ ಹೊಸ ಅಣುವಿನ ಟ್ರಯಲ್ ಚರ್ಚೆ ಮಾಡುತ್ತೇವೆ. ಈ 3.3 ಅನ್ನೋ ಸಂಖ್ಯೆ ಒಂದು ವಾರಕ್ಕೂ ಬಂದದ್ದಿಲ್ಲ.

ಸಂಶಯವಾದಿ

ಎಲ್ಲದಕ್ಕೂ ಬಡತನ, ವ್ಯವಸ್ಥೆ ಅಂತ ಹೇಳಿ ಮುಗಿಸುವುದು ಸುಲಭ ಮಾರಾಯ್ರೇ. ಎರಡು ಆಕ್ಷೇಪ ಇಟ್ಟುಕೊಳ್ಳಿ. ಒಂದು, 2014ರ ಆ ಅಂಕದಲ್ಲಿ ರಕ್ತ ಪರೀಕ್ಷೆಯೇ ಇಲ್ಲ. ಅಂದರೆ ಕೊಲೆಸ್ಟರಾಲ್ ಲೆಕ್ಕಕ್ಕೆ ಬಂದಿಲ್ಲ. ಎರಡು, ವಂಶವಾಹಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು 53, ಉಳಿದವರಿಗೆ 58.8 ಅಂತ ಹಲವು ದೇಶಗಳಲ್ಲಿ ಹೃದಯಾಘಾತದ ಕಾರಣ ಹುಡುಕಿದ ಇಂಟರ್‌ಹಾರ್ಟ್ ಅಧ್ಯಯನವೇ ಹೇಳಿದೆ. ಶ್ರೀಮಂತ ದೇಶಗಳಲ್ಲಿ, ಒಳ್ಳೆ ಆಸ್ಪತ್ರೆಯ ಪಕ್ಕದಲ್ಲೇ ಇರುವ ದಕ್ಷಿಣ ಏಷ್ಯಾ ಮೂಲದವರಿಗೂ ಹೃದ್ರೋಗ ಹೆಚ್ಚು. ಇದನ್ನು ವ್ಯವಸ್ಥೆಯ ತಲೆಗೆ ಕಟ್ಟಲು ಬರುತ್ತದೆಯೇ?

ಅಂಕಿಸಂಕಿ

ಮೊದಲ ಆಕ್ಷೇಪಕ್ಕೆ ತೂಕ ಇದೆ. ಆದರೆ ಪ್ರಕರಣ ಮರಣ ಪ್ರಮಾಣಕ್ಕೂ ಕೊಲೆಸ್ಟರಾಲ್ ಲೆಕ್ಕಕ್ಕೆ ಬಿಟ್ಟುಹೋದದ್ದಕ್ಕೂ ಸಂಬಂಧ ಕಲ್ಪಿಸುವುದು ಕಷ್ಟ. ಆಘಾತ ಆದ ಮೇಲಿನ ಸಾವಿನ ಲೆಕ್ಕ ಅದು.

ಎರಡನೆಯದಕ್ಕೆ ಇಂಟರ್‌ಹಾರ್ಟ್‌ನ ಆ ವರದಿಯನ್ನು ಕೊನೆತನಕ ಓದಿ ಅಂತ ಕೇಳಿಕೊಳ್ಳುತ್ತೇನೆ. 53 ಮತ್ತು 58.8 ನಿಜ. ಅಲ್ಲಿಂದ ಮುಂದಕ್ಕೆ, ಧೂಮಪಾನ, ಬಿಪಿ, ಮಧುಮೇಹ, ಕೊಬ್ಬಿನಂಶ, ಸೊಂಟದ ಬೊಜ್ಜು ಸೇರಿ ಒಂಬತ್ತು ಅಂಶಗಳನ್ನು ಸರಿದೂಗಿಸಿದರೆ, 40ಕ್ಕೂ ಮೊದಲೇ ಆಘಾತ ಆಗುವ ಸಂಭವದಲ್ಲಿ ದಕ್ಷಿಣ ಏಷ್ಯಾಕ್ಕೂ ಉಳಿದ ದೇಶಗಳಿಗೂ ಹೆಚ್ಚುಕಮ್ಮಿ ವ್ಯತ್ಯಾಸವೇ ಉಳಿಯಲಿಲ್ಲ. ಈ ಅಂಶಗಳು ಚಿಕ್ಕ ವಯಸ್ಸಿಗೇ ಅಂಟಿಕೊಂಡಿವೆ, ಆದ್ದರಿಂದ ಆಘಾತವೂ ಬೇಗ. ಅದು ತಡೆಯಬಹುದಾದ ವಿಷಯ. ಹಣೆಬರಹ ಅಲ್ಲ.

ಇನ್ನು ವಲಸೆಯ ಕಥೆ ಹಳೆಯದು. ಜಪಾನಿನಲ್ಲೇ ಉಳಿದ ಜಪಾನೀಯರು, ಹೊನೊಲುಲುವಿಗೆ ಹೋದವರು, ಸ್ಯಾನ್‌ಫ್ರಾನ್ಸಿಸ್ಕೊ ಕಡೆ ನೆಲೆಸಿದವರು, ಈ ಮೂರು ಗುಂಪನ್ನು ಹೋಲಿಸಿದ ಅಧ್ಯಯನ 1970ರ ದಶಕದಲ್ಲಿ ಪ್ರಕಟವಾಯಿತು. ವಂಶ ಒಂದೇ. ಪಶ್ಚಿಮದಿಂದ ಪೂರ್ವಕ್ಕೆ, ಜಪಾನಿನಿಂದ ಅಮೆರಿಕದ ಕಡೆ ಸಾಗಿದಂತೆ ಹೃದ್ರೋಗ ಏರುತ್ತ ಹೋಯಿತು. ಒಂದೆರಡು ತಲೆಮಾರಿನಲ್ಲಿ ವಂಶವಾಹಿ ಬದಲಾಗುವುದಿಲ್ಲ.

ಪಿಜಿ ಹುಡುಗಿ

ಸಂಶಯವಾದಿಯವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ರಕ್ತದಲ್ಲಿ ಕೊಬ್ಬು ಹೊತ್ತು ತಿರುಗುವ, ಹೃದ್ರೋಗದ ಅಪಾಯ ಹೆಚ್ಚಿಸುವ ಲಿಪೊಪ್ರೋಟೀನ್ ಎ ಎಂಬ ಕಣದ ಮಟ್ಟ ಬಹುಪಾಲು ವಂಶದಿಂದಲೇ ತೀರ್ಮಾನವಾಗುತ್ತದೆ. ಆಫ್ರಿಕಾ ಮೂಲದವರಲ್ಲಿ ಹೆಚ್ಚು, ದಕ್ಷಿಣ ಏಷ್ಯಾದವರಲ್ಲೂ ಹೆಚ್ಚು. ಅದು ವಾಸ್ತವ.

ಆದರೆ ವಂಶವಾಹಿ ವಿಷಯ ಎತ್ತಿದ ಮೇಲೆ ಪಿಸಿಎಸ್‌ಕೆ9 ಎಂಬ ಜೀನ್‌ನ ಕಥೆ ಹೇಳದೆ ಬಿಟ್ಟರೆ ಹೇಗೆ? ಅಮೆರಿಕದ ಎಆರ್‌ಐಸಿ ಎಂಬ ಹೃದ್ರೋಗ ಅಧ್ಯಯನದಲ್ಲಿ 3,363 ಕಪ್ಪುಜನರ ವಂಶವಾಹಿ ನೋಡಿದರು. ಅವರಲ್ಲಿ ಶೇ. 2.6 ಮಂದಿಗೆ ಪಿಸಿಎಸ್‌ಕೆ9 ಜೀನ್ ಕೆಲಸ ಮಾಡದಂತಹ ರೂಪಾಂತರ ಇತ್ತು. ಅಂಥವರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಸರಾಸರಿ ಶೇ. 28 ಕಡಿಮೆ, ಹೃದಯದ ರಕ್ತನಾಳ ಕಾಯಿಲೆಯ ಸಂಭವ ಶೇ. 88 ಕಡಿಮೆ. ವರದಿ ಬಂದದ್ದು 2006ರಲ್ಲಿ. 2015ರ ಹೊತ್ತಿಗೆ ಆ ಜೀನ್‌ನ ಪ್ರೋಟೀನನ್ನು ಕಟ್ಟಿಹಾಕುವ ಇಂಜೆಕ್ಷನ್‌ಗಳು ಮಾರುಕಟ್ಟೆಗೆ ಬಂದವು, ಈಗ ಎಲ್ಲ ಮೂಲದವರಿಗೂ ಕೊಡುತ್ತಾರೆ. ಆ ಅಧ್ಯಯನಕ್ಕೆ ಬಿಳಿಯರನ್ನು ಮಾತ್ರ ಸೇರಿಸಿದ್ದರೆ ಇಷ್ಟು ದೊಡ್ಡ ಪರಿಣಾಮದ ಈ ಸುಳಿವು ಕೈಗೆ ಹತ್ತುತ್ತಿರಲಿಲ್ಲವೇನೋ.

ಹಾಗಾಗಿ ಎಲ್ಲ ಬಗೆಯ ಜನರನ್ನು ಸೇರಿಸಿ ಅನ್ನುವುದು ಬರೀ ನ್ಯಾಯದ ಮಾತು ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅದು ಮೊದಲು ವಿಜ್ಞಾನದ ಮಾತು.

ತಿಳಿಗೊಳ

ಒಂದು ಅನುಮಾನ. ಅಸಮಾನತೆ ಅಂದರೆ ಕೊನೆಗೆ ಆಸ್ಪತ್ರೆ, ಔಷಧಿ ಕೈಗೆಟುಕದಿರುವುದು ಅಷ್ಟೇನಾ? ಎರಡನ್ನೂ ಪುಕ್ಕಟೆ ಕೊಟ್ಟರೆ ಅಂತರ ಮಾಯವಾಗಬೇಕಲ್ಲ?

ಅಂಕಿಸಂಕಿ

ಇಲ್ಲ. ಇದಕ್ಕೆ ವೈಟ್‌ಹಾಲ್ ಅಧ್ಯಯನಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ.

1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಶುರುವಾದದ್ದು, ಗಂಡಸರು ಮಾತ್ರ, ಹದಿನೇಳೂವರೆ ಸಾವಿರದಷ್ಟು ಜನ. ಎಲ್ಲರಿಗೂ ಕಾಯಂ ಕೆಲಸ, ತಿಂಗಳ ಸಂಬಳ, ಪಿಂಚಣಿ. ಎಲ್ಲರಿಗೂ ಒಂದೇ ಉಚಿತ ಸರ್ಕಾರಿ ಆರೋಗ್ಯ ಸೇವೆ. ಹಸಿವಿನಲ್ಲಿ ಇರುವವರು ಒಬ್ಬರೂ ಇಲ್ಲ. ಏಳೂವರೆ ವರ್ಷದಲ್ಲಿ ಹೃದ್ರೋಗದಿಂದ ಸತ್ತವರ ಲೆಕ್ಕ ತೆಗೆದರೆ, ಅತಿ ಕೆಳದರ್ಜೆಯ ನೌಕರರಲ್ಲಿ ಅತಿ ಮೇಲ್ದರ್ಜೆಯ ಅಧಿಕಾರಿಗಳ 3.6 ಪಟ್ಟು. ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಇದನ್ನು 1978ರಲ್ಲಿ ಪ್ರಕಟಿಸಿದರು.

ಅಲ್ಲಿ ಗಮನಿಸಬೇಕಾದದ್ದು ಮೆಟ್ಟಿಲು. ಮೇಲಿನವರು ಚೆನ್ನಾಗಿದ್ದಾರೆ, ಕೆಳಗಿನವರು ಕೆಟ್ಟಿದ್ದಾರೆ ಅಂತ ಎರಡೇ ಗುಂಪಲ್ಲ. ಪ್ರತಿ ದರ್ಜೆಯವರಿಗೂ ತಮ್ಮ ಮೇಲಿನ ದರ್ಜೆಗಿಂತ ಅಪಾಯ ಹೆಚ್ಚು. ಎರಡನೇ ಸ್ಥಾನದ ಅಧಿಕಾರಿ ಯಾವ ಲೆಕ್ಕದಲ್ಲೂ ಬಡವನಲ್ಲ, ಆದರೂ ಮೊದಲ ಸ್ಥಾನದವನಿಗಿಂತ ಹೆಚ್ಚು ಸಾಯುತ್ತಾನೆ. ಧೂಮಪಾನ, ಬಿಪಿ, ಕೊಲೆಸ್ಟರಾಲ್ ಎಲ್ಲ ಕಳೆದರೂ ಈ ಅಂತರದ ಅರ್ಧಕ್ಕಿಂತ ಹೆಚ್ಚು ಪಾಲಿಗೆ ವಿವರಣೆ ಸಿಗಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿ 10,308 ಜನರ ಎರಡನೇ ಅಧ್ಯಯನ ಶುರು ಮಾಡಿದ್ದೇ ಉಳಿದ ಪಾಲು ಹುಡುಕಲು. ತನ್ನ ಕೆಲಸದ ಮೇಲೆ ತನಗೆ ಹಿಡಿತ ಇಲ್ಲದಿರುವುದು ಒಂದು ಕಾರಣವಾಗಿ ಕಂಡುಬಂತು.

ನಿವೃತ್ತ ಮೇಷ್ಟ್ರು

ಗುಮಾಸ್ತರಿಗೆ ಇದು ಮೊದಲೇ ಗೊತ್ತಿತ್ತು ಸ್ವಾಮಿ.

ರಾತ್ರಿಪಾಳಿ

ದೊಡ್ಡ ದೊಡ್ಡ ಸಂಖ್ಯೆ ನಡೀತಾ ಇದೆ, ನಾನು ಹಾಸಿಗೆ ಪಕ್ಕದ್ದು ಒಂದು ಹೇಳ್ತೀನಿ. ಹೃದಯ ವಿಭಾಗದಲ್ಲಿ ನರ್ಸ್ ನಾನು.

ಬಿಪಿ ನೋಡೋಕೆ ತೋಳಿಗೆ ಕಟ್ಟೋ ಪಟ್ಟಿ ಒಮ್ಮೆ ಬಿಚ್ಚಿ ನೋಡಿ. ಒಂದು ತುದಿಯಲ್ಲಿ ಅಡ್ಡಗೆರೆ ಇರುತ್ತೆ, ಒಳಭಾಗದಲ್ಲಿ ಇಲ್ಲಿಂದ ಇಲ್ಲಿವರೆಗೆ ಅಂತ ಎರಡು ಗುರುತು. ತೋಳಿಗೆ ಸುತ್ತಿದಾಗ ಆ ಗೆರೆ ಎರಡು ಗುರುತಿನ ನಡುವೆ ಬೀಳಬೇಕು. ಬೀಳಲಿಲ್ಲ ಅಂದ್ರೆ ಅಳತೆ ಸರಿಯಿಲ್ಲ, ಬೇರೆ ಪಟ್ಟಿ ತರಬೇಕು. ತರೋರು ಎಷ್ಟು ಜನ? ಗೋಡೆಗೆ ತೂಗುಹಾಕಿರೋ ಒಂದೇ ಪಟ್ಟಿ ಎಲ್ಲರಿಗೂ. ಸಾಲು ಉದ್ದ ಇದ್ದಷ್ಟೂ ಇದು ಗ್ಯಾರಂಟಿ.

2023ರಲ್ಲಿ ಇದರ ಮೇಲೇ ಒಂದು ಟ್ರಯಲ್ ಬಂತು. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದರೆ ಮೇಲಿನ ಬಿಪಿ ಸುಮಾರು 20 ಹೆಚ್ಚು ತೋರಿಸುತ್ತೆ. ಸಣ್ಣ ಪಟ್ಟಿ ಬೇಕಾದವರಿಗೆ ಅದೇ ಪಟ್ಟಿ ಕಟ್ಟಿದರೆ ಸುಮಾರು 4 ಕಡಿಮೆ ತೋರಿಸುತ್ತೆ. ಅಂದ್ರೆ ತೋಳು ತೆಳ್ಳಗಿರೋ ಹೆಂಗಸಿಗೆ ನಿಜವಾಗಿ ಬಿಪಿ ಇದ್ರೂ ನಾರ್ಮಲ್ ಅಂತ ಬರೆದು ಕಳಿಸ್ತೀವಿ. ನೀವು ಆಮೇಲೆ ಆ ಕಾಗದದ ಸಂಖ್ಯೆ ತಗೊಂಡು ಕಂಪ್ಯೂಟರಿಗೆ ಹಾಕಿ, ಅಪಾಯ ಕಡಿಮೆ ಇದ್ದವರು ಯಾಕೆ ಸತ್ತರು ಅಂತ ಆಶ್ಚರ್ಯ ಪಡ್ತೀರಿ.

ಸಂಶಯವಾದಿ

ಅಕ್ಕ, ನಾಲ್ಕು ಮಿ.ಮೀ. ವ್ಯತ್ಯಾಸದಿಂದ ದೇಶ ದೇಶಗಳ ನಡುವಿನ ಅಂತರ ಹುಟ್ಟುವುದಿಲ್ಲ. ಪ್ಯೂರ್‌ನಂಥ ಅಧ್ಯಯನದಲ್ಲಿ ಅಳೆಯುವ ಕ್ರಮವೂ ಎಲ್ಲ ಕಡೆ ಒಂದೇ ಇರುತ್ತದೆ.

ರಾತ್ರಿಪಾಳಿ

ಅಧ್ಯಯನದಲ್ಲಿ ಇರುತ್ತೆ, ಒಪ್ಪಿದೆ. ಚಿಕಿತ್ಸೆ ನಡೆಯೋದು ಅಧ್ಯಯನದ ಹೊರಗೆ ತಮ್ಮಾ.

ಮನೆಮನೆ ಸರ್ವೆ

ರಾತ್ರಿಪಾಳಿ ಮೇಡಂ ಬಿಪಿ ಬಗ್ಗೆ ಹೇಳಿದರು, ನಾನು ಸಾವಿನ ಬಗ್ಗೆ ಹೇಳುತ್ತೇನೆ. ಇಂಥ ಅಧ್ಯಯನಗಳಲ್ಲಿ ಸಾವಿನ ಕಾರಣ ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಸತ್ತರೆ ಇಸಿಜಿ ಇರುತ್ತದೆ, ಹೃದಯಸ್ನಾಯುವಿಗೆ ಪೆಟ್ಟು ಬಿದ್ದದ್ದನ್ನು ತೋರಿಸುವ ಟ್ರೊಪೊನಿನ್ ರಕ್ತಪರೀಕ್ಷೆಯ ವರದಿ ಇರುತ್ತದೆ. ಮನೆಯಲ್ಲಿ ಸತ್ತರೆ ನಮ್ಮಂಥವರು ನಮೂನೆ ಹಿಡಿದುಕೊಂಡು ಹೋಗಿ ಮನೆಯವರನ್ನು ಕೇಳಬೇಕು. ಎದೆನೋವು ಇತ್ತೇ? ಎಷ್ಟು ಹೊತ್ತು? ಬೆವರಿದರೇ? ಉಸಿರು ಕಟ್ಟಿತೇ, ಮಲಗಿದಾಗ ಹೆಚ್ಚೋ ಕೂತಾಗ ಹೆಚ್ಚೋ? ಒಂದು ಕಡೆ ಕೈಕಾಲು ಸೋತಿತ್ತೇ, ಮಾತು ತೊದಲಿತೇ? ಕಾಲಲ್ಲಿ ಬಾವು ಇತ್ತೇ? ಕೊನೆಗೆ ಅವರ ಮಾತಿನಲ್ಲೇ ನಡೆದದ್ದನ್ನು ಬರೆದುಕೊಳ್ಳುತ್ತೇವೆ. ಸಾಮಾನ್ಯವಾಗಿ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ಹಾಕುತ್ತಾರೆ, ತಾಳೆಯಾಗದಿದ್ದರೆ ಮತ್ತೆ ಕೂತು ತೀರ್ಮಾನ.

ಇದು ಕೆಲಸಕ್ಕೆ ಬಾರದ ವಿಧಾನ ಅಂತ ನಾನು ಹೇಳುವುದಿಲ್ಲ, ಬೇರೆ ದಾರಿಯೇ ಇಲ್ಲದ ಕಡೆ ಇದರಿಂದಲೇ ಬೆಳಕು. ಆದರೆ ಉತ್ತರ ಹೇಳುವವರು ಬೇಕು. ಒಬ್ಬಂಟಿಯಾಗಿ ಇದ್ದ ಮುದುಕಿ ಬೆಳಿಗ್ಗೆ ಏಳಲಿಲ್ಲ ಅಂದರೆ ನನ್ನ ನಮೂನೆಯಲ್ಲಿ ಅರ್ಧಕ್ಕರ್ಧ ಖಾನೆಗೆ "ಗೊತ್ತಿಲ್ಲ" ಅಂತ ಟಿಕ್ ಬೀಳುತ್ತದೆ. ಆಕೆ ವರದಿಯಲ್ಲಿ ಹೃದ್ರೋಗವಾಗಿ ಬರುತ್ತಾಳೋ ವೃದ್ಧಾಪ್ಯವಾಗಿಯೋ ಕಾರಣ ತಿಳಿಯದ್ದಾಗಿಯೋ, ಅದು ಅದೃಷ್ಟ.

ಅಂಕಿಸಂಕಿ

ಈ ಪೋಸ್ಟ್ ಎಲ್ಲರೂ ಎರಡು ಸಲ ಓದಿ. ನಾವು ಮೇಜಿನ ಮೇಲೆ ಕೂತು ತಪ್ಪು ವರ್ಗೀಕರಣ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ಅದು ಎಲ್ಲ ಗುಂಪಿನಲ್ಲೂ ಸಮವಾಗಿ ಹಂಚಿಹೋದರೆ ಪರವಾಗಿಲ್ಲ. ಇಲ್ಲಿ ಹಾಗಿಲ್ಲ, ಯಾರಿಗೆ ಆಸ್ಪತ್ರೆ ದೂರವೋ ಅವರಲ್ಲೇ ಹೆಚ್ಚು. ಹಾಗಾದಾಗ ಅಂತರ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುವ ಸಾಧ್ಯತೆಯೇ ಜಾಸ್ತಿ.

ಪಿಜಿ ಹುಡುಗಿ

ಹೆಂಗಸರ ಮಾತು ಬಂದದ್ದಕ್ಕೆ ಒಂದು ಟ್ರಯಲ್. ಸ್ಕಾಟ್ಲೆಂಡ್‌ನಲ್ಲಿ 48,282 ರೋಗಿಗಳ ಮೇಲೆ ಟ್ರೊಪೊನಿನ್ ಪರೀಕ್ಷೆಯ ಹೊಸ ಮಿತಿಗಳನ್ನು ಜಾರಿಗೆ ತಂದು ನೋಡಿದರು. ಹೆಂಗಸರಿಗೆ 16, ಗಂಡಸರಿಗೆ 34, ಅಂದರೆ ಇಬ್ಬರಿಗೂ ಬೇರೆ ಮಿತಿ. ಹೃದಯಸ್ನಾಯುವಿಗೆ ಪೆಟ್ಟು ಬಿದ್ದಿದೆ ಅಂತ ಪತ್ತೆಯಾದ ಹೆಂಗಸರ ಸಂಖ್ಯೆ ಶೇ. 42 ಏರಿತು, ಗಂಡಸರದ್ದು ಶೇ. 6. ಎಲ್ಲರೂ ಚಪ್ಪಾಳೆ ತಟ್ಟಬೇಕಾದ ಫಲಿತಾಂಶ ಅಲ್ವಾ?

ಒಂದು ವರ್ಷದ ಮೇಲೆ ನೋಡಿದರೆ ಆ ಹೆಂಗಸರ ಗತಿ ಏನೂ ಸುಧಾರಿಸಿರಲಿಲ್ಲ. ಪತ್ತೆಯೇನೋ ಆಯಿತು, ಆದರೆ ಸ್ಟೆಂಟು, ಮಾತ್ರೆ ಥರದ ಚಿಕಿತ್ಸೆಗಳಲ್ಲಿ ಅವರಿಗೆ ಒಟ್ಟಾರೆ ಸಿಕ್ಕದ್ದು ಗಂಡಸರ ಸುಮಾರು ಅರ್ಧದಷ್ಟು. ಪರೀಕ್ಷೆಯಲ್ಲಿದ್ದ ಲೋಪ ತಿದ್ದಿದರು, ವರದಿ ಓದುವ ವೈದ್ಯರ ಅಭ್ಯಾಸ ಹಾಗೇ ಇತ್ತು. ತಿಳಿಗೊಳ ಅವರು ಶುರುವಿನಲ್ಲಿ ಹಾಕಿದ ಪ್ಯೂರ್ ಲೆಕ್ಕಕ್ಕೂ ಇದಕ್ಕೂ ನನಗೆ ಒಂದೇ ದಾರ ಕಾಣುತ್ತದೆ. ಅಂತರ ಬಹುಪಾಲು ಹುಟ್ಟುವುದು ಅಪಾಯ ಗೊತ್ತಾದ ನಂತರ.

ಆಸ್ಪಿರಿನ್ ಕಥೆಯೂ ಇದಕ್ಕೆ ಹತ್ತಿರದ್ದು. 1980ರ ದಶಕದಲ್ಲಿ ಅಮೆರಿಕದಲ್ಲಿ 22,071 ವೈದ್ಯರ ಮೇಲೆ ಟ್ರಯಲ್ ನಡೆಯಿತು, ಒಬ್ಬ ಹೆಂಗಸೂ ಇಲ್ಲ. ಹೃದಯಾಘಾತ ಶೇ. 44 ಇಳಿಯಿತು. 2005ರಲ್ಲಿ 39,876 ಹೆಂಗಸರ ಟ್ರಯಲ್ ಬಂದಾಗ ಒಟ್ಟಾರೆ ಹೃದಯಾಘಾತ ಇಳಿಯಲೇ ಇಲ್ಲ, ಪಾರ್ಶ್ವವಾಯು ಶೇ. 17 ಇಳಿಯಿತು. ನಡುವಿನ ವರ್ಷಗಳಲ್ಲಿ ಗಂಡಸರ ಲೆಕ್ಕ ನಂಬಿಕೊಂಡು ಆಸ್ಪಿರಿನ್ ನುಂಗಿದ ಆರೋಗ್ಯವಂತ ಹೆಂಗಸರು ಎಷ್ಟೋ.

ಮಾಡರೇಟರ್

ಇದನ್ನು ಓದಿ ಯಾರೂ ನುಂಗುತ್ತಿರುವ ಆಸ್ಪಿರಿನ್ ನಿಲ್ಲಿಸಬೇಡಿ, ಹೊಸದಾಗಿ ಶುರುವೂ ಮಾಡಬೇಡಿ. ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕವೇ ಬೇರೆ. ನಿಮ್ಮ ವೈದ್ಯರನ್ನು ಕೇಳಿ. ಚರ್ಚೆ ಮುಂದುವರಿಯಲಿ.

ತಿಳಿಗೊಳ

ಹಾಗಾದರೆ ಅಪಾಯ ಲೆಕ್ಕ ಹಾಕುವ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳ ಗತಿ ಏನು? ಅವೂ ಯಾರದೋ ಡೇಟಾದಿಂದಲೇ ಬಂದದ್ದಲ್ಲವೇ?

ಅಂಕಿಸಂಕಿ

ಎಲ್ಲದರ ತಾಯಿಬೇರು ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನ. 1948, ಮ್ಯಾಸಚೂಸೆಟ್ಸ್‌ನ ಒಂದು ಪಟ್ಟಣ, 5,209 ಜನ, ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಶುರುವಿನಲ್ಲೇ ಹೆಂಗಸರನ್ನು ಸೇರಿಸಿಕೊಂಡದ್ದು ಆ ಕಾಲಕ್ಕೆ ದೊಡ್ಡ ಮಾತು, ಅದನ್ನು ಮರೆಯಬಾರದು. ಆದರೆ 2001ರಲ್ಲಿ ಅದರ ಸೂತ್ರವನ್ನು ಬೇರೆ ಗುಂಪುಗಳ ಮೇಲೆ ಪರೀಕ್ಷಿಸಿದಾಗ, ಬಿಳಿಯರಿಗೂ ಕಪ್ಪುಜನರಿಗೂ ಸುಮಾರಾಗಿ ಹೊಂದಿತು, ಜಪಾನಿ ಮೂಲದ ಅಮೆರಿಕನ್ ಗಂಡಸರಿಗೆ ಇರುವುದಕ್ಕಿಂತ ಹೆಚ್ಚು ಅಪಾಯ ತೋರಿಸಿತು.

ಸ್ಕಾಟ್ಲೆಂಡ್‌ನಲ್ಲಿ ಉಲ್ಟಾ ಸಮಸ್ಯೆ. ಬಡ ಪ್ರದೇಶದವರಿಗೆ ಅದೇ ಸೂತ್ರ ಅಪಾಯವನ್ನು ಕಡಿಮೆ ತೋರಿಸುತ್ತಿತ್ತು. ಅಂದರೆ ಯಾರಿಗೆ ಹೆಚ್ಚು ಚಿಕಿತ್ಸೆ ಬೇಕೋ ಅವರೇ ಚಿಕಿತ್ಸೆ ಶುರುಮಾಡುವ ಮಿತಿಯ ಕೆಳಗೆ ಉಳಿಯುತ್ತಿದ್ದರು. 2007ರಲ್ಲಿ ಅಲ್ಲಿ ಬಂದ ಅಸೈನ್ ಅಂಕದಲ್ಲಿ ವಾಸಸ್ಥಳದ ಬಡತನದ ಸೂಚ್ಯಂಕವನ್ನೇ ಒಂದು ಅಂಶವಾಗಿ ಸೇರಿಸಿದರು. ಬ್ರಿಟನ್ನಿನ ಕ್ಯೂರಿಸ್ಕ್‌ನಲ್ಲಿ ಜನಾಂಗವೂ ಇದೆ, ವಾಸಸ್ಥಳದ ಬಡತನವೂ ಇದೆ. ಅಮೆರಿಕದವರು 2023ರಲ್ಲಿ ತಂದ ಪ್ರಿವೆಂಟ್ ಸೂತ್ರದಲ್ಲಿ ಜನಾಂಗವನ್ನು ಕಿತ್ತುಹಾಕಿ, ಮೂತ್ರಪಿಂಡದ ಕೆಲಸವನ್ನು ಸೇರಿಸಿ, ವಾಸಸ್ಥಳದ ಸೂಚ್ಯಂಕವನ್ನು ಬೇಕಿದ್ದರೆ ಹಾಕಿಕೊಳ್ಳಿ ಅಂತ ಬಿಟ್ಟಿದ್ದಾರೆ.

ಸಂಶಯವಾದಿ

ಇದು ನನಗೆ ಸರಿಕಾಣುವುದಿಲ್ಲ. ಒಬ್ಬನ ಪಿನ್‌ಕೋಡ್ ನೋಡಿ ಅವನಿಗೆ ಸ್ಟ್ಯಾಟಿನ್ ಬರೆಯುತ್ತೀರಿ. ಬಡಾವಣೆಯ ಹೊಗೆ, ಒತ್ತಡ, ನಡೆಯಲು ಜಾಗ ಇಲ್ಲದಿರುವುದು ಹಾಗೇ ಉಳಿಯಿತು. ಸಮಾಜದ ಕಾಯಿಲೆಗೆ ವ್ಯಕ್ತಿಗೆ ಮಾತ್ರೆ!

ಅಂಕಿಸಂಕಿ

ನಿಮ್ಮ ಮಾತಿನಲ್ಲಿ ಅರ್ಧಕ್ಕೆ ನನ್ನ ಸಹಿ ಇದೆ. ಮುನ್ಸೂಚನೆಯ ಸೂತ್ರಕ್ಕೂ ಕಾರಣ ಹುಡುಕುವುದಕ್ಕೂ ವ್ಯತ್ಯಾಸ ಇದೆ. ಪಿನ್‌ಕೋಡ್ ಯಾರನ್ನೂ ಕೊಲ್ಲುವುದಿಲ್ಲ, ಕೊಲ್ಲುವ ಹತ್ತು ಸಂಗತಿಗಳ ಬದಲಿಗೆ ಅದು ಅಲ್ಲಿ ಕೂತಿದೆ. ಆದರೂ ಬಡಾವಣೆ ಸರಿಹೋಗುವವರೆಗೆ ಆ ಮನುಷ್ಯನಿಗೆ ಮಾತ್ರೆಯನ್ನೂ ಕೊಡದೆ ಕೂರಿಸುವುದು ಯಾವ ನ್ಯಾಯ?

ಆಸ್ಪತ್ರೆಗಳ ವಿಷಯದಲ್ಲಿ ಈ ಜಗಳ ಇನ್ನೂ ಬಿಗಿ. ಹೃದಯ ವೈಫಲ್ಯ ಮುಂತಾದವುಗಳಿಗೆ ದಾಖಲಾಗಿ ಮನೆಗೆ ಹೋದವರು 30 ದಿನದೊಳಗೆ ನಿರೀಕ್ಷೆಗಿಂತ ಹೆಚ್ಚಾಗಿ ಮತ್ತೆ ದಾಖಲಾದರೆ ಆಸ್ಪತ್ರೆಗೆ ದಂಡ ಅಂತ ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ವೃದ್ಧರ ಸರ್ಕಾರಿ ಆರೋಗ್ಯ ವಿಮೆ) 2012ರಲ್ಲಿ ನಿಯಮ ಜಾರಿಗೆ ತಂದಿತು. ದಂಡ ಮೆಡಿಕೇರ್ ಕೊಡುವ ಹಣದ ಶೇ. 3ರವರೆಗೂ ಏರಿತು. ಬಡ ರೋಗಿಗಳು ಹೆಚ್ಚಿರುವ ಆಸ್ಪತ್ರೆಗಳಿಗೇ ಹೆಚ್ಚು ದಂಡ ಬಿತ್ತು. ಬಡತನವನ್ನು ಲೆಕ್ಕದಲ್ಲಿ ಸರಿದೂಗಿಸಿ ಅಂದರೆ, ಬಡವರಿಗೆ ಕಳಪೆ ಚಿಕಿತ್ಸೆ ಕೊಟ್ಟರೂ ನಡೆಯುತ್ತದೆ ಅಂತ ಒಪ್ಪಿದಂತೆ ಅಂದರು ಕೆಲವರು. ಸರಿದೂಗಿಸದಿದ್ದರೆ ಅವರನ್ನು ನೋಡಿಕೊಳ್ಳುವ ಆಸ್ಪತ್ರೆಯ ದುಡ್ಡನ್ನೇ ಕಿತ್ತುಕೊಂಡಂತೆ ಅಂದರು ಇನ್ನು ಕೆಲವರು. 2019ರಿಂದ ಬಡ ರೋಗಿಗಳ ಪ್ರಮಾಣ ನೋಡಿ ಆಸ್ಪತ್ರೆಗಳನ್ನು ಐದು ಗುಂಪು ಮಾಡಿ, ಗುಂಪಿನೊಳಗೇ ಹೋಲಿಸುತ್ತಿದ್ದಾರೆ. ಎರಡೂ ಕಡೆಯವರಿಗೆ ಪೂರ್ತಿ ಸಮಾಧಾನ ಇಲ್ಲ. ನನಗೂ ಇಲ್ಲ.

ರಾತ್ರಿಪಾಳಿ

ಮತ್ತೆ ದಾಖಲಾಗೋರು ಯಾಕೆ ದಾಖಲಾಗ್ತಾರೆ ಅಂತ ನಮ್ಮನ್ನ ಕೇಳಿ. ನೀರಿಳಿಸೋ ಮಾತ್ರೆ ತಗೊಂಡ್ರೆ ಗಂಟೆಗೊಮ್ಮೆ ಮೂತ್ರಕ್ಕೆ ಓಡಬೇಕು. ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲ, ಇದ್ರೂ ಬಿಡಲ್ಲ. ಹಾಗಾಗಿ ಕೆಲಸದ ದಿನ ಮಾತ್ರೆ ಬಿಡ್ತಾರೆ. ಕಾಲು ಊದುತ್ತೆ, ಉಸಿರು ಕಟ್ಟುತ್ತೆ, ಮತ್ತೆ ನಮ್ಮ ಹತ್ರ. ಕೇಸ್‌ಶೀಟಲ್ಲಿ ನಾವು ಬರೆಯೋದು "ರೋಗಿ ಔಷಧಿ ಸರಿಯಾಗಿ ತೆಗೆದುಕೊಂಡಿಲ್ಲ". ಅಷ್ಟೇ.

ನಿವೃತ್ತ ಮೇಷ್ಟ್ರು

ಸಮಸ್ಯೆ ಸಾಕಷ್ಟು ಕೇಳಿದೆವು. ಏನು ಮಾಡಿದರೆ ಅಂತರ ಇಳಿಯುತ್ತದೆ ಅಂತ ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ? ಅಥವಾ ವರದಿ ಬರೆಯುವುದಷ್ಟೇ ಕೆಲಸವಾ?

ಪಿಜಿ ಹುಡುಗಿ

ಮಾಡಿದ್ದಾರೆ ಮೇಷ್ಟ್ರೇ, ನನಗೆ ತುಂಬ ಇಷ್ಟವಾದದ್ದು ಲಾಸ್ ಏಂಜಲಿಸ್‌ನ ಕ್ಷೌರದಂಗಡಿ ಟ್ರಯಲ್. ರೊನಾಲ್ಡ್ ವಿಕ್ಟರ್ ಎಂಬ ಹೃದ್ರೋಗ ತಜ್ಞರ ತಂಡ, 2018ರಲ್ಲಿ ಪ್ರಕಟವಾಯಿತು. ಕಪ್ಪುಜನರೇ ನಡೆಸುವ 52 ಕ್ಷೌರದಂಗಡಿ, ಬಿಪಿ ಹತೋಟಿಯಲ್ಲಿ ಇಲ್ಲದ 319 ಗಿರಾಕಿಗಳು. ಅರ್ಧದಷ್ಟು ಅಂಗಡಿಗಳಲ್ಲಿ ಕ್ಷೌರಿಕರೇ ಗಿರಾಕಿಗೆ ಜೀವನಶೈಲಿಯ ಬುದ್ಧಿ ಹೇಳಿ, ವೈದ್ಯರ ಹತ್ತಿರ ಹೋಗಿ ಅಂತ ಒತ್ತಾಯಿಸಿದರು. ಉಳಿದವುಗಳಲ್ಲಿ ಫಾರ್ಮಸಿಸ್ಟ್ ಅಂಗಡಿಗೇ ಬಂದು, ವೈದ್ಯರ ಒಪ್ಪಿಗೆಯ ಮೇಲೆ ಅಲ್ಲೇ ಔಷಧಿ ಬರೆದು, ಅಲ್ಲೇ ಅಳೆದು, ಅಲ್ಲೇ ಡೋಸ್ ಬದಲಿಸಿದರು.

ಆರು ತಿಂಗಳಲ್ಲಿ ಮೇಲಿನ ಬಿಪಿ ಮೊದಲ ಗುಂಪಿನಲ್ಲಿ 9.3 ಇಳಿಯಿತು, ಎರಡನೆಯದರಲ್ಲಿ 27. ಬಿಪಿ 130/80ರ ಕೆಳಗೆ ಬಂದವರು ಶೇ. 11.7 ಒಂದು ಕಡೆ, 63.6 ಇನ್ನೊಂದು ಕಡೆ. ಎರಡೂ ಗುಂಪಿನವರ ಜನಾಂಗ ಒಂದೇ, ಅಂಗಡಿಗಳೂ ಅದೇ ಥರದವು. ಔಷಧಿಗಳೂ ಹೊಸವಲ್ಲ. ಬುದ್ಧಿ ಹೇಳಿ ಕಳಿಸುವುದಕ್ಕೂ ಕೆಲಸವನ್ನು ಅಲ್ಲೇ ಮಾಡಿ ಮುಗಿಸುವುದಕ್ಕೂ ಇರುವ ವ್ಯತ್ಯಾಸ ಇದು. ಇಷ್ಟು ಇಳಿಕೆ ಕಂಡ ಮೇಲೆ ಆ ಗುಂಪಿನಲ್ಲಿ ಬಿಪಿ ಹೆಚ್ಚಿರುವುದು ರಕ್ತದಲ್ಲೇ ಬಂದದ್ದು ಅಂತ ಹೇಗೆ ಹೇಳುತ್ತೀರಿ?

ಸಂಶಯವಾದಿ

ಒಳ್ಳೆ ಟ್ರಯಲ್, ಒಪ್ಪಿದೆ. ಆದರೆ 319 ಜನ. ಮತ್ತು ಅಲ್ಲಿ ಅಳೆದದ್ದು ಬಿಪಿ, ಹೃದಯಾಘಾತ ಅಲ್ಲ. ತಿಳಿಗೊಳ ಕೇಳಿದ್ದು ಸಾವಿನ ಬಗ್ಗೆ.

ಅಂಕಿಸಂಕಿ

ಆ ಕೊರತೆ ತುಂಬುವುದು ಪಾಲಿಇರಾನ್. ಇರಾನಿನ ಗೋಲೆಸ್ತಾನ್ ಪ್ರಾಂತ್ಯದ ಹಳ್ಳಿಗಳಲ್ಲಿ 6,838 ಜನ, 2019ರ ವರದಿ. ಆಸ್ಪಿರಿನ್, ಸ್ಟ್ಯಾಟಿನ್, ಎರಡು ಬಿಪಿ ಔಷಧಿ, ನಾಲ್ಕನ್ನೂ ಸೇರಿಸಿ ದಿನಕ್ಕೊಂದೇ ಮಾತ್ರೆ. ಐದು ವರ್ಷದಲ್ಲಿ ದೊಡ್ಡ ಹೃದಯ-ಮೆದುಳಿನ ಆಘಾತಗಳು ಶೇ. 34 ಇಳಿದವು. ಇದು ಘಟನೆಗಳ ಲೆಕ್ಕವೇ, ಬಿಪಿಯಂಥ ಮಧ್ಯದ ಸೂಚಕ ಅಲ್ಲ.

ತಿಳಿಗೊಳ ಅವರು "ಪುಕ್ಕಟೆ ಕೊಟ್ಟರೆ" ಅಂತ ಕೇಳಿದ್ದಕ್ಕೂ ಟ್ರಯಲ್ ಇದೆ. ಅಮೆರಿಕದಲ್ಲಿ ಹೃದಯಾಘಾತ ಆಗಿ ಮನೆಗೆ ಹೋದ 5,855 ವಿಮಾದಾರರಲ್ಲಿ ಒಂದು ಗುಂಪಿಗೆ ಮಾತ್ರೆಗಳ ಮೇಲಿನ ಕೈದುಡ್ಡು ಪೂರ್ತಿ ಮನ್ನಾ ಮಾಡಿದರು. 2011ರಲ್ಲಿ ಫಲಿತಾಂಶ ಬಂತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವವರು ಏರಿದ್ದು ಬರೀ 4ರಿಂದ 6 ಶೇಕಡಾ ಅಂಶ. ಮುಖ್ಯ ಫಲಿತಾಂಶದಲ್ಲಿ ಒಟ್ಟಾರೆ ಖಚಿತವಾದ ಇಳಿಕೆ ಕಾಣಲಿಲ್ಲ. ಆಮೇಲೆ ಬಿಡಿಸಿ ನೋಡಿದಾಗ ಬಿಳಿಯರಲ್ಲದ ರೋಗಿಗಳಲ್ಲಿ ಇಳಿಕೆ ಸ್ಪಷ್ಟವಾಗಿ ಇತ್ತು. ಉಪಗುಂಪಿನ ಲೆಕ್ಕವನ್ನು ಹಿಡಿತದಲ್ಲಿಟ್ಟು ಓದಬೇಕು, ಆದರೂ ದುಡ್ಡಿನ ಅಡ್ಡಿ ಎಲ್ಲರಿಗೂ ಒಂದೇ ಎತ್ತರದಲ್ಲಿ ಇರಲಿಲ್ಲ ಅನ್ನುವ ಸುಳಿವು ಅಲ್ಲಿದೆ. ಪುಕ್ಕಟೆ ಮಾಡಿದರೆ ಸಾಲದು, ರಾತ್ರಿಪಾಳಿ ಮೇಡಂ ಹೇಳಿದ ಶೌಚಾಲಯ ವಿಮಾ ಕಂಪನಿಯ ಫಾರ್ಮಿನಲ್ಲಿ ಇರುವುದಿಲ್ಲ.

ತಿಳಿಗೊಳ

ಕೊನೆಯ ಪ್ರಶ್ನೆ. "ಅಂತರ ಕುಗ್ಗಿದೆ", "ಅಂತರ ಹಿಗ್ಗಿದೆ" ಅಂತ ಒಂದೇ ಡೇಟಾ ಮೇಲೆ ಎರಡು ಸುದ್ದಿ ಓದಿದ್ದೇನೆ. ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕಲ್ಲ?

ಅಂಕಿಸಂಕಿ

ಇಬ್ಬರೂ ನಿಜ ಹೇಳುತ್ತಿರಬಹುದು. ಲೆಕ್ಕಕ್ಕಾಗಿ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಡವರಲ್ಲಿ ಲಕ್ಷಕ್ಕೆ 200 ಸಾವು, ಶ್ರೀಮಂತರಲ್ಲಿ 100. ಕೆಲವು ವರ್ಷದ ಮೇಲೆ 120 ಮತ್ತು 48. ವ್ಯತ್ಯಾಸ ತೆಗೆದರೆ 100 ಇದ್ದದ್ದು 72ಕ್ಕೆ ಇಳಿಯಿತು, ಅಂತರ ಕುಗ್ಗಿತು. ಭಾಗಿಸಿದರೆ 2 ಪಟ್ಟು ಇದ್ದದ್ದು 2.5 ಪಟ್ಟಾಯಿತು, ಅಂತರ ಹಿಗ್ಗಿತು. ಸರ್ಕಾರದವರು ಮೊದಲನೆಯದನ್ನು ಹೇಳುತ್ತಾರೆ, ವಿರೋಧಿಗಳು ಎರಡನೆಯದನ್ನು. ಬರೀ ಒಂದನ್ನು ಕೊಟ್ಟ ವರದಿ ಸಿಕ್ಕರೆ ಇನ್ನೊಂದನ್ನು ನೀವೇ ಲೆಕ್ಕ ಹಾಕಿಕೊಳ್ಳಿ. ನಾಲ್ಕು ಮೂಲ ಸಂಖ್ಯೆಗಳನ್ನೇ ಕೊಡದ ವರದಿಯ ಮೇಲೆ ನನಗೆ ನಂಬಿಕೆ ಇಲ್ಲ.

ಮನೆಮನೆ ಸರ್ವೆ

ಆ 120ರಲ್ಲಿ "ಗೊತ್ತಿಲ್ಲ" ಅಂತ ಟಿಕ್ ಬಿದ್ದವರು ಸೇರಿದ್ದಾರೋ ಇಲ್ಲವೋ, ಅದನ್ನೂ ಕೇಳಿ ಸರ್.

ಅಂಕಿಸಂಕಿ

ಸೇರಿರುವುದಿಲ್ಲ. ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲಿ ಇರುತ್ತಾರೆ. ಎಷ್ಟು ಜನರ ಕಾರಣ ತಿಳಿಯಲಿಲ್ಲ, ಎಷ್ಟು ಜನ ಫಾಲೋಅಪ್‌ನಿಂದ ತಪ್ಪಿಸಿಕೊಂಡರು ಅನ್ನುವುದನ್ನು ಆದಾಯದ ಪ್ರಕಾರ ಬೇರೆ ಬೇರೆ ಮಾಡಿ ಕೊಟ್ಟಿದ್ದಾರಾ ಅಂತ ನಾನು ಮೊದಲು ಹುಡುಕುವುದು ಅಲ್ಲೇ.